ಎದುರಾಳಿಯ ರುಜು ಕೇಳಿದ ಮೇಷ್ಟ್ರು

ಕ್ರೈಸ್ತ ನೀತಿಶಾಸ್ತ್ರದಲ್ಲಿ ಯುದ್ಧದ ಪ್ರಶ್ನೆಯಷ್ಟು ಕಗ್ಗಂಟಾದದ್ದು ಇನ್ನೊಂದಿಲ್ಲ. ಆ ಪ್ರಶ್ನೆಯನ್ನು ನಮ್ಮ ದೈವಶಾಸ್ತ್ರ ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಬೋಧಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಪ್ರಾಧ್ಯಾಪಕರಷ್ಟು ಪ್ರಾಮಾಣಿಕವಾಗಿ ಅದನ್ನು ಹೊತ್ತವರೂ ಇನ್ನೊಬ್ಬರಿಲ್ಲವೆಂದು ಹೆಮ್ಮೆಯಿಂದಲೇ ಹೇಳಬಹುದು. ಶತ್ರುವನ್ನೂ ಪ್ರೀತಿಸಬೇಕೆಂದ ಯೇಸುವಿನ ಹಿಂಬಾಲಕರು ಎಂದಿಗೂ ಆಯುಧ ಹಿಡಿಯಬಾರದೆನ್ನುವವರು ಒಂದು ಕಡೆ. ನಿರಪರಾಧಿಗಳನ್ನು ಕಾಯಲು, ಬೇರೆ ದಾರಿಗಳೆಲ್ಲ ಮುಚ್ಚಿದ ಮೇಲೆ, ಮಿತಿಯೊಳಗೆ ಯುದ್ಧ ಮಾಡಬಹುದೆನ್ನುವ ನ್ಯಾಯಯುದ್ಧವಾದಿಗಳು ಇನ್ನೊಂದು ಕಡೆ. ಮೇಷ್ಟ್ರು ಎರಡನೆಯ ಕಡೆಯವರು. ಆದರೆ ಮೊದಲನೆಯವರ ವಾದವನ್ನು ಪಾಠ ಮಾಡುವಾಗ ಅವರು ಯಾವ ಕಡೆಯವರೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವರ ತರಗತಿಗೊಂದು ಕಟ್ಟಳೆಯಿತ್ತು. ಪ್ರಬಂಧ ಬರೆದವನು ಅದನ್ನು ಎದುರು ಪಕ್ಷದ ಒಬ್ಬರಿಗೆ ಓದಲು ಕೊಡಬೇಕು. ‘ನನ್ನ ಮುಖ್ಯ ಪ್ರಶ್ನೆಯಿಂದ ಇವನು ತಪ್ಪಿಸಿಕೊಂಡಿಲ್ಲ’ ಎಂದು ಅವರು ರುಜು ಹಾಕಬೇಕು. ಒಪ್ಪಬೇಕಾಗಿರಲಿಲ್ಲ, ರುಜು ಹಾಕಿದರೆ ಸಾಕು. ರುಜುವಿಲ್ಲದ ಪ್ರಬಂಧ ಬಂದ ದಾರಿಯಲ್ಲೇ ವಾಪಸು. ಪಾಸಾಗಲು ಶತ್ರುವಿನ ಕಾಲು ಹಿಡಿಯಬೇಕಾಯಿತೆಂದು ಗೊಣಗುತ್ತಲೇ ವಿದ್ಯಾರ್ಥಿಗಳು ಅವರಿಗೆ ‘ರುಜು ಮೇಷ್ಟ್ರು’ ಎಂದು ಹೆಸರಿಟ್ಟರು. ಜ್ವರದಿಂದ ಮಲಗಿದ್ದ ಹುಡುಗನೊಬ್ಬನ ಪ್ರಬಂಧವನ್ನು ಹಿಡಿದುಕೊಂಡು, ಎದುರಾಳಿಯನ್ನು ಹುಡುಕುತ್ತಾ ಹಾಸ್ಟೆಲಿನ ಮೂರು ಮಹಡಿ ಹತ್ತಿದವರೂ ಇದೇ ಮೇಷ್ಟ್ರು.

ಹದಿನೆಂಟು ವರ್ಷಗಳ ಹಿಂದೆ ಗಡಿಯಲ್ಲಿ ಯುದ್ಧ ಶುರುವಾಯಿತು. ಈ ಯುದ್ಧ ನ್ಯಾಯವಾದದ್ದೆಂದು ಎಲ್ಲ ಚರ್ಚುಗಳಲ್ಲಿ ಓದಲು ಒಂದು ಹೇಳಿಕೆ ಬೇಕೆಂದು, ಚರ್ಚುಗಳನ್ನೂ ನಮ್ಮ ಕಾಲೇಜನ್ನೂ ನಡೆಸುವ ಸಭಾ ಮಂಡಳಿ ಮೇಷ್ಟ್ರನ್ನೇ ಕೇಳಿತು. ಆಗ ಪ್ರಾಂಶುಪಾಲರ ಹುದ್ದೆ ಖಾಲಿಯಿತ್ತು. ಅದು ಮೇಷ್ಟ್ರಿಗೇ ಎಂಬುದು ಕಾಲೇಜಿನ ಗೋಡೆಗಳಿಗೂ ಗೊತ್ತಿತ್ತು. ಮೇಷ್ಟ್ರು ನಾಲ್ಕೇ ದಿನದಲ್ಲಿ ಆರು ಪುಟ ಬರೆದು, ಅದನ್ನು ಮೊದಲು ತರಗತಿಯಲ್ಲಿ ಓದಿದರು. ಕಡೆಯ ಬೆಂಚಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು.

“ಸರ್, ಇದಕ್ಕೆ ರುಜು ಯಾರದು?”

ಮೇಷ್ಟ್ರು ಕಡೆಯ ಪುಟವನ್ನು ಎರಡು ಸಲ ತಿರುವಿ ನೋಡಿದರು. ತಮ್ಮದೇ ಕಟ್ಟಳೆ ತಮಗೇ ಮರೆತಿತ್ತು. ಪಾಠ ಅಲ್ಲಿಗೇ ನಿಲ್ಲಿಸಿ ಅವರು ನೇರವಾಗಿ ಹಾಸ್ಟೆಲಿನ ಅಡುಗೆಮನೆಗೆ ನಡೆದರು. ಅಲ್ಲಿನ ಅಡುಗೆಯಮ್ಮನ ಗಂಡ ಹಿಂದಿನ ಯುದ್ಧದಲ್ಲಿ ಸೈನ್ಯದ ಲಾರಿ ಓಡಿಸಲು ಹೋದವನು ಮರಳಿರಲಿಲ್ಲ. ಅಂದಿನಿಂದ ಯಾವ ಯುದ್ಧವನ್ನೂ ಒಪ್ಪದವರು ಆಕೆ. ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಆರು ಪುಟವನ್ನೂ ನಿಧಾನವಾಗಿ ಓದಿದರು.

“ಯುದ್ಧ ಕೊನೇ ದಾರಿ ಅಂತ ಬರ್ದಿದ್ದೀರಿ ಮೇಷ್ಟ್ರೇ. ಉಳಿದ ದಾರೀಲಿ ಯಾರು ಹೋಗಿ ನೋಡಿದ್ರು ಅಂತ ಎಲ್ಲೂ ಬರ್ದಿಲ್ಲ.”

ಅದು ಸರ್ಕಾರಕ್ಕೆ ಗೊತ್ತಿರುತ್ತದೆಂದು ಮೇಷ್ಟ್ರು ತಡವರಿಸಿದರು.

“ಹಾಗಾದ್ರೆ ರುಜುನೂ ಅವರ ಹತ್ರಾನೇ ಹಾಕಿಸ್ಕೊಳ್ಳಿ” ಎಂದು ಆಕೆ ಕಾಗದ ಹಿಂದಕ್ಕೆ ಕೊಟ್ಟರು.

ಮೇಷ್ಟ್ರು ಎರಡು ದಿನ ಪತ್ರಿಕೆ, ವರದಿಗಳನ್ನೆಲ್ಲ ಜಾಲಾಡಿದರು. ಮಾತುಕತೆಗೆ ಯಾರೂ ಹೊರಟದ್ದು ಕಾಣಲಿಲ್ಲ. ಹೇಳಿಕೆಯನ್ನು ಹಿಂತೆಗೆದುಕೊಂಡರು. ಕೊನೆಯ ದಾರಿಯೆನ್ನುವ ಆ ಒಂದು ವಾಕ್ಯವನ್ನಷ್ಟೇ ತೆಗೆದುಬಿಡಿ ಎಂದು ಮಂಡಳಿಯವರು ಮನೆಗೇ ಬಂದು ಕೇಳಿಕೊಂಡರೂ ಜಗ್ಗಲಿಲ್ಲ. ಹುದ್ದೆ ಅವರಿಗಿಂತ ಎಂಟು ವರ್ಷ ಕಿರಿಯರ ಪಾಲಾಯಿತು. ನೋವಾಗಲಿಲ್ಲವೆಂದರೆ ಸುಳ್ಳಾಗುತ್ತದೆ, ಅವರಿಗೆ ಆ ಕುರ್ಚಿಯ ಆಸೆಯಿತ್ತು, ಅದನ್ನವರು ಎಂದೂ ಮುಚ್ಚಿಟ್ಟವರಲ್ಲ.

ಮುಂದೆ ಪ್ರತಿ ವರ್ಷವೂ ಮೊದಲ ಪಾಠಕ್ಕೆ ಅವರು ತಂದದ್ದು ಆ ಆರು ಪುಟಗಳನ್ನೇ. ತಮ್ಮ ತಪ್ಪನ್ನು ಹೊಸ ವಿದ್ಯಾರ್ಥಿಗಳ ಕೈಗಿಟ್ಟು ಅಂಕ ಹಾಕಿಸುತ್ತಿದ್ದರು. ಈವರೆಗೆ ಬಂದ ಗರಿಷ್ಠ ಅಂಕ ನೂರಕ್ಕೆ ಮೂವತ್ತೆಂಟು. ಅಂದು ಎದ್ದು ನಿಂತವಳು ಇಂದು ಅದೇ ವಿಭಾಗದಲ್ಲಿ ಪಾಠ ಮಾಡುತ್ತಾಳೆ. ಈ ಲೇಖನವೂ ಅವಳದೇ. ಇಂಥ ಗುರುವಿನ ಶಿಷ್ಯೆಯೆನ್ನಿಸಿಕೊಂಡದ್ದಕ್ಕಿಂತ ದೊಡ್ಡ ಪದವಿ ಅವಳಿಗೆ ಬೇಕಿಲ್ಲ.

ಮೇಷ್ಟ್ರು ಈಗಲೂ ನ್ಯಾಯವಾದ ಯುದ್ಧವೊಂದು ಇರಬಹುದೆಂದೇ ನಂಬಿದ್ದಾರೆ; ಆ ಕುರಿತು ಪುಸ್ತಕ ಬರೆಯುತ್ತಿದ್ದಾರೆ. ಮೊದಲ ಅಧ್ಯಾಯವನ್ನು ಅಡುಗೆಯಮ್ಮ ಮೂರು ಸಲ ಹಿಂದಕ್ಕೆ ಕಳಿಸಿದ್ದಾರೆ. ದೇವರು ಇಬ್ಬರಿಗೂ ದೀರ್ಘಾಯುಸ್ಸು ಕೊಡಲಿ: ಅವರಿಗೆ ಬರೆಯುವುದಕ್ಕೆ, ಆಕೆಗೆ ಒಪ್ಪದಿರುವುದಕ್ಕೆ.