ಹುಳಿ ಹಚ್ಚಿ ಬೆಳಗಿದ ಚರಿಗೆ

ಇಂದು ಬೆಳಿಗ್ಗೆ ತಾಮ್ರದ ಚರಿಗೆಗೆ ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿದು ನನ್ನ ಕೈ ಅಲ್ಲಿಯೇ ನಿಂತಿತು. ಈ ಹುಳಿಯಿಂದಾಗಿ ನಾನು ಒಮ್ಮೆ ಮನೆ ಬಿಡುವ ಪ್ರಸಂಗ ಬಂದಿತ್ತು ಎಂದರೆ ನೀವು ನಗುತ್ತೀರಿ. ನಗಿ, ಈಗ ನನಗೂ ನಗು ಬರುತ್ತದೆ.

ಆಗ ನಿಜಾಮರ ಆಳ್ವಿಕೆ. ಮಣ್ಣೂರಿನಿಂದ ಆಳಂದಕ್ಕೆ ಸೊಸೆಯಾಗಿ ಬಂದ ಹೊಸತು. ಅಂಗಳದಲ್ಲಿ ಕುಳಿತು ತೊಗರಿಬೇಳೆ ಕೇರುತ್ತಿದ್ದೆ. ದವಾಖಾನೆಗೆ ಹೋಗಿದ್ದ ನಮ್ಮ ಮನೆಯವರು ಬಂದು ಕಟ್ಟೆಯ ಮೇಲೆ ಕುಳಿತರು. ಕೆಲವು ವಾರಗಳಿಂದ ಅವರಿಗೆ ನಡುನೋವು. ಡಾಕ್ಟರ್ ಸಾಹೇಬರು ಬೆಳಗಿನ ಮೂತ್ರವನ್ನು ಮನೆಯ ತಾಮ್ರದ ಚರಿಗೆಯಲ್ಲಿ ತರಿಸಿ, ಪರೀಕ್ಷೆಯ ಕೋಣೆಯಲ್ಲಿ ಗಾಜಿನ ನಳಿಗೆಗೆ ಹಾಕಿ ಔಷಧಿ ಬಿಟ್ಟಿದ್ದರು. ಕಣ್ಣಿಗೆ ಕಾಣದ ರಕ್ತವಿದ್ದರೆ ಅದು ನೀಲಿಯಾಗುತ್ತದಂತೆ. ನೀಲಿಯಾಗಿತ್ತು. ಇನ್ನೊಮ್ಮೆ ನೋಡೋಣ, ಆಗಲೂ ನೀಲಿಯಾದರೆ ಸೊಲ್ಲಾಪುರಕ್ಕೆ ಹೋಗಿ ಹೊಟ್ಟೆ ಕೊಯ್ಸಬೇಕಾದೀತು ಎಂದಿದ್ದರು.

ಅತ್ತೆಗೆ ಮೊದಲು ಸಂಶಯ ಬಂದದ್ದು ಡಾಕ್ಟರರ ಮೇಲೆ. "ಕಣ್ಣಿಗಿ ಕಾಣಲಾರದ ರಕ್ತ ಆ ಮನಷ್ಯಾಗ ಹ್ಯಾಂಗ ಕಂಡಿತು?" ಅಂದರು. ಆಮೇಲೆ ಆ ಸಂಶಯ ಊರೆಲ್ಲ ಸುತ್ತಿ ಬಂದು ನನ್ನ ಮೊರದ ಮುಂದೆ ನಿಂತಿತು. "ಕಲ್ಲಿನಂಥ ಹುಡುಗ. ಈಕಿ ಕಾಲಿಟ್ಟ ಮ್ಯಾಲೇ ನಡ ಹಿಡದದ."

ಮತ್ತೆ ನೀಲಿಯಾದರೆ ನನ್ನನ್ನು ಮಣ್ಣೂರಿಗೆ ಕಳಿಸುವುದೆಂದು ತೀರ್ಮಾನವಾಯಿತು. ತಿರುಗಿ ಯಾವಾಗ ಕರೆಸುವುದೆಂದು ಯಾರೂ ಹೇಳಲಿಲ್ಲ.

ಅಂದಿನಿಂದ ನಾನು ಮಾಡಿದ ಸಾರನ್ನು ಅತ್ತೆಯೇ ಮೊದಲು ನೆಕ್ಕಿ ನೋಡುವರು. ನನ್ನ ಸೆರಗಿನ ಗಂಟು ಬಿಚ್ಚಿಸಿದರು. ಅದರಲ್ಲಿದ್ದದ್ದು ಗಾಣಗಾಪುರದ ದತ್ತನ ಗುಡಿಯ ಅಂಗಾರ, ಪ್ರಸಾದದ ಬೂದಿ. ಅದನ್ನೂ ಮೂಸಿ ನೋಡಿದರು. ಚೆಲ್ಲದೆ ಹಾಗೇ ತಿರುಗಿ ಕೊಟ್ಟರು, ಅಷ್ಟು ದತ್ತನ ದಯೆ.

ಸಂಶಯ ಎಂಬುದು ಕಜ್ಜಿಯ ಹಾಗೆ, ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಎರಡನೆಯ ಪರೀಕ್ಷೆಯ ಹಿಂದಿನ ಸಂಜೆ ಅತ್ತೆ ಮೂತ್ರ ಒಯ್ಯುವ ಚರಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಏನೋ ಗುಣುಗುಣು. ನನ್ನನ್ನು ಹೊರಹಾಕಲು ಚರಿಗೆಗೆ ಏನಾದರೂ ಬೆರೆಸುತ್ತಿದ್ದಾರೆಯೇ? ದವಾಖಾನೆಯ ಔಷಧಿಯದೊಂದು ಖಾಲಿ ಬಾಟಲಿ ಇತ್ತು. ಬಿಸಿನೀರಿನಲ್ಲಿ ತೊಳೆದು ಮನೆಯವರ ಕೈಗೆ ಕೊಟ್ಟೆ. "ನಾಳಿ ಇದರಾಗೂ ಒಂದೀಟು ಒಯ್ರಿ. ಅತ್ತ್ಯಾರಿಗಿ ಹೇಳಬ್ಯಾಡ್ರಿ."

ಅವರು ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೂ ಸಂಶಯವೇ. ಆದರೂ ಜೇಬಿಗೆ ಇಳಿಸಿಕೊಂಡರು.

ಮರುದಿನ ಮಧ್ಯಾಹ್ನ ಬಂದು ಹೇಳಿದರು: ಚರಿಗೆಯದು ನೀಲಿ, ಬಾಟಲಿಯದು ಇದ್ದ ಹಾಗೇ. ಒಬ್ಬನದೇ ಮೂತ್ರ, ಒಂದೇ ಹೊತ್ತಿನದು. ಡಾಕ್ಟರರು ಹುಬ್ಬು ಗಂಟಿಕ್ಕಿ, ಆ ಚರಿಗೆಯಲ್ಲಿ ಬರೀ ನೀರು ಹಾಕಿ ಅಲುಗಾಡಿಸಿ ಪರೀಕ್ಷೆ ಮಾಡಿದರಂತೆ. ಅದೂ ನೀಲಿ! ಯಾವುದರಿಂದ ಬೆಳಗಿದ್ದೀರಿ ಎಂದು ಕೇಳಿ, ಹುಳಿ ಎಂದು ತಿಳಿದು ನಕ್ಕರಂತೆ. ಹುಳಿ ತಾಮ್ರವನ್ನು ಬಿಡಿಸಿ ನೀರಿಗೆ ಸೇರಿಸುತ್ತದೆ, ಆ ಔಷಧಿ ತಾಮ್ರಕ್ಕೂ ನೀಲಿಯಾಗುತ್ತದೆ. "ಬೇಮಾರಿ ನಿಮಗಿಲ್ಲ, ನಿಮ್ಮ ಚರಿಗಿಗದ" ಅಂದರಂತೆ. ನಡು ಹಿಡಿದದ್ದು ಅವರು ಕೆಲಸಕ್ಕಿದ್ದ ಕಾಳಿನ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಎತ್ತಿ. ತಿಕ್ಕಲು ಎಣ್ಣೆ ಕೊಟ್ಟಿದ್ದರು.

ಅತ್ತೆ ಕಂಬಕ್ಕೆ ಒರಗಿ ಕುಳಿತರು. ದೊಡ್ಡವರ ಮುಂದೆ ಹೋಗುವ ಚರಿಗೆ, ಮಗನ ಮಾನ ಹೋಗಬಾರದೆಂದು ಎರಡು ಸಲವೂ ದತ್ತನ ಹೆಸರು ಹೇಳುತ್ತ ಬೆಳಗಿದ್ದರಂತೆ. ಹೊಳಪು ಹೋದೀತೆಂದು ಹುಳಿ ಪೂರಾ ಹೋಗುವಂತೆ ತೊಳೆಯದೆ, ನೀರು ಮೇಲೆ ಮೇಲಷ್ಟೇ ಹಾಕಿದ್ದರು. ಮೂತ್ರ ಒಯ್ಯುವ ಚರಿಗೆಯನ್ನು ದೇವರ ಸಾಮಾನಿನಂತೆ ತಿಕ್ಕುವುದನ್ನು ನೋಡಿ ಯಾರಾದರೂ ನಕ್ಕಾರೆಂದು ಬಾಗಿಲು ಹಾಕಿದ್ದು.

"ಆ ಬಾಟ್ಲಿ ಯಾರು ಕೊಟ್ರು?"

"ನಾನ್ರಿ."

"ನನ್ನ ಮ್ಯಾಲ ಸಂಶೇ ಪಟ್ಟಿದ್ದೇನ ಬೇ?"

"ಹೌದ್ರಿ ಅತ್ತ್ಯಾರ. ನೀವು ನನ್ನ ಮ್ಯಾಲ ಪಟ್ಟಂಗೇ."

ಅತ್ತೆ ಕಂಬ ಹಿಡಿದು ಎದ್ದರು. "ನಡಿ, ರೊಟ್ಟಿ ಬಡಿ. ಹಸದ ಬಂದಾನ" ಅಂದರು. ಅಂದು ಸಾರನ್ನು ಅವರು ಮೊದಲು ನೆಕ್ಕಿ ನೋಡಲಿಲ್ಲ.

ಇಂದು ಬಚ್ಚಲಲ್ಲಿ ನಾನು ತಿಕ್ಕುವುದು ನಿಲ್ಲಿಸಿದ್ದು ಅತ್ತೆಗೆ ಒಳಗಿನಿಂದಲೇ ಗೊತ್ತಾಗಿರಬೇಕು. "ಹುಳಿ ಪೂರಾ ಹೋತೇನ?" ಎಂದು ಕೂಗಿದರು. ಹೋತ್ರಿ, ಅಂದೆ. ನಂಬಲಿಲ್ಲ. ಕೋಲೂರಿಕೊಂಡು ಬಂದು, ಚರಿಗೆ ಮೂಸಿ, ಇನ್ನೊಮ್ಮೆ ನೀರು ಹಾಕಿದರು. ಅವರು ಅತ್ತ ಹೋದ ಮೇಲೆ ನಾನೂ ಇನ್ನೊಮ್ಮೆ ಹಾಕಿದೆ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಜೋಳದ ಹಿಟ್ಟು ನಾದಲು ಒಳಗೆ ಹೋದೆ.