ದಾರಿ ಕೇಳದ ಸಾಹುಕಾರರು

ಹಿಂದೂಪುರದಲ್ಲಿ ನಮ್ಮ ಪಕ್ಕದ ಜವಳಿ ಅಂಗಡಿಯ ಸಾಹುಕಾರರು ಯಾವ ಊರಿಗೆ ಹೋದರೂ ಯಾರನ್ನೂ ದಾರಿ ಕೇಳುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೊಡವಿ, "ಕಾಲೇ ಕರ್ಕೊಂಡೋಯ್ತದೆ ಬಾರಪ್ಪ" ಅನ್ನುವರು.

ನಮ್ಮೂರು ಇನ್ನೂ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲ. ಅಚ್ಚಿನ ಬಟ್ಟೆ ಕೊಳ್ಳಲು ಒಮ್ಮೆ ನನ್ನನ್ನೂ ಮಚಲೀಪಟ್ಟಣಕ್ಕೆ ಕರೆದೊಯ್ದರು. ಬಟ್ಟೆಯ ಕೆಲಸ ಬೆಳಿಗ್ಗೆಯೇ ಮುಗಿಯಿತು. ಆಮೇಲೆ ಆ ಹಳೇ ಬಂದರು ಪಟ್ಟಣವನ್ನೆಲ್ಲ ನಡೆಸಿಕೊಂಡೇ ಸುತ್ತಿಸಿದರು. ಪಾಳುಬಿದ್ದ ಕೋಟೆ ನೋಡಿದೆವು, ಡಚ್ಚರ ಗೋರಿಗಳನ್ನು ನೋಡಿದೆವು, ಬಣ್ಣದ ನೀರು ಹರಿಯುವ ಓಣಿಗಳನ್ನು ಹೊಕ್ಕು ಬಂದೆವು. ಆದರೆ ಅವರ ಕಣ್ಣು ಮನೆಬಾಗಿಲುಗಳ ಮೇಲೆಯೇ ಇತ್ತು.

"ಯಾರನ್ನ ಹುಡುಕ್ತಾ ಇದ್ದೀರಿ ಸಾವ್ಕಾರ್ರೇ?" ಎಂದು ಕೊನೆಗೆ ಕೇಳಿದೆ.

"ನಮ್ಮಕ್ಕನ್ನ ಕಣಪ್ಪ. ಕಲ್ಯಾಣದುರ್ಗಕ್ಕೆ ಕೊಟ್ಟಿದ್ವಿ. ಭಾವ ಕೆಲ್ಸ ಹುಡುಕ್ಕೊಂಡು ಇಲ್ಲಿಗೆ ಕರ್ಕೊಂಡ್ಬಂದ್ಬುಟ್ರು. ಎಷ್ಟೋ ವರ್ಷದಿಂದ ಸುದ್ದೀನೇ ಇಲ್ಲ."

"ಯಾರನ್ನಾದ್ರೂ ಕೇಳಾನ."

"ಬ್ಯಾಡ," ಎಂದು ನನ್ನ ತೋಳು ಹಿಡಿದರು. "ಸತ್ತೋದ್ಲು ಅಂದ್ಬುಟ್ರೆ?"

ಆದರೂ ನಾನು, ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳನ್ನು, ಕಲ್ಯಾಣದುರ್ಗದಿಂದ ಬಂದ ಕನ್ನಡದಾಕೆ ಯಾರಾದರೂ ಇಲ್ಲಿದ್ದಾರೆಯೇ ಎಂದು ತೆಲುಗಿನಲ್ಲಿ ವಿಚಾರಿಸಿದೆ. "ಆ ಕನ್ನಡಾವಿಡಾ? ಅದಿಗೋ!" ಎಂದು ಅವಳು ಎದುರು ಮನೆಯತ್ತ ಕೈ ತೋರಿದಳು. ಅಲ್ಲಿಂದ ನರೆತ ಕೂದಲಿನ ಮುದುಕಿಯೊಬ್ಬರು ಹೊರಬಂದು, ಹಣೆಗೆ ಕೈ ಅಡ್ಡ ಹಿಡಿದು ಸಾಹುಕಾರರನ್ನು ಬಹಳ ಹೊತ್ತು ನೋಡಿದರು. ಗುರುತು ಸಿಕ್ಕಿದ್ದೇ ಹತ್ತಿರ ಬಂದು ಅವರ ಕೆನ್ನೆ ಸವರಿದರು.

"ಉಂಡ್ಯೇನ್ಲಾ?"

"ಇಲ್ಲ ಕಣಕ್ಕ," ಎಂದ ಸಾಹುಕಾರರು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು.

ಆಗಷ್ಟೇ ಹೋಟೆಲಿನಲ್ಲಿ ಇಬ್ಬರೂ ಹೊಟ್ಟೆ ಬಿರಿಯುವಷ್ಟು ಉಂಡು ಬಂದಿದ್ದೆವು. ಆದರೂ ಅಕ್ಕ ಹಾಕಿದ ಎಲೆಯ ಮುಂದೆ ನಾನೂ ಕೂತೆ.