ಭಾನುವಾರದ ಪಾಟೀಸವಾಲು

ನುಡಿನಮನದ ದಿನ ಜಯನಗರದ ಸಭಾಭವನದಲ್ಲಿ ಅಪ್ಪನ ಫೋಟೋಗೆ ಎಷ್ಟು ಹಾರ ಹಾಕಿದ್ದರೆಂದರೆ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ವಕೀಲರು ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಇಷ್ಟು ವರ್ಷ ಕ್ರಿಮಿನಲ್ ಕೇಸು ನಡೆಸಿದರೂ ಅಪ್ಪ ಒಬ್ಬ ಹೆಣ್ಣುಮಗಳ ಮೇಲೂ ದನಿ ಏರಿಸಲಿಲ್ಲವಂತೆ, ಸಾಕ್ಷಿ ಹೇಳಲು ಬಂದ ಹೆಂಗಸರನ್ನೆಲ್ಲ ‘ತಾಯಿ’ ಎಂದೇ ಕರೆಯುತ್ತಿದ್ದರಂತೆ. ಎಷ್ಟೇ ಕೆಲಸವಿರಲಿ, ಊಟ ಮಾತ್ರ ಹೆಂಡತಿ ಮಗಳ ಜೊತೆಗೇ ಅಂತೆ. ಎಲ್ಲವೂ ನಿಜ. ಕೊನೆಯಲ್ಲಿ ಮಗಳು ಎರಡು ಮಾತಾಡಬೇಕು ಎಂದು ಮೊದಲೇ ಹೇಳಿದ್ದರು. ಹೇಳಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. ಬಾಯಿ ಬರುತ್ತದೆಯೇ ಎಂಬುದು ಗೊತ್ತಿರಲಿಲ್ಲ.

ಭಾನುವಾರ ತಿಂಡಿಯಾದ ಮೇಲೆ ಅಪ್ಪ ಮನೆಯಲ್ಲೇ ಪಾಟೀಸವಾಲಿನ ತಾಲೀಮು ಮಾಡುತ್ತಿದ್ದರು. ಎದುರು ಪಕ್ಷದ ಸಾಕ್ಷಿ ನಾನು. ಕೇಸಿನ ಕಾಗದ ಓದಿಸಿ, ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಪ್ರಶ್ನೆ ಶುರು ಮಾಡುತ್ತಿದ್ದರು. ಸ್ಕೂಟರ್ ಕದ್ದವನನ್ನು ನೋಡಿದ ಹೂವಿನವಳು, ಜಗಳ ಬಿಡಿಸಲು ಹೋಗಿ ಏಟು ತಿಂದ ಪಕ್ಕದ ಮನೆಯಾಕೆ, ಎಲ್ಲ ಆಗಿದ್ದೇನೆ. ಅಪ್ಪನನ್ನು ಒಂದು ಸಲ ತಡವರಿಸುವಂತೆ ಮಾಡಿದರೆ ಆ ವಾರವೆಲ್ಲ ನನ್ನನ್ನು ಹಿಡಿಯುವವರೇ ಇರಲಿಲ್ಲ.

ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದಾಗ ಬಂದದ್ದು ಬಿಟಿಎಂ ಲೇಔಟಿನ ಕೇಸು. ಧಾರವಾಡದ ಕಡೆಯಿಂದ ಕೆಲಸಕ್ಕೆ ಬಂದು ಬಾಡಿಗೆಗಿದ್ದ ಹುಡುಗಿ. ಓನರ್ ತನ್ನ ಬಳಿಯಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು ಒಳಗೆ ಬಂದು ಮೈಮೇಲೆ ಕೈ ಹಾಕಿದ ಎಂದು ಒಂದು ತಿಂಗಳ ಮೇಲೆ ದೂರು ಕೊಟ್ಟಿದ್ದಳು. ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೆಯುತ್ತಿದ್ದ, ಈಗ ಮೂರು ಬಿಲ್ಡಿಂಗ್ ಇರುವ ಆ ಓನರ್ ಅಪ್ಪನ ಕಕ್ಷಿದಾರ. ಆ ಭಾನುವಾರ ನಾನು ಆ ಹುಡುಗಿಯಾದೆ.

ದೂರು ಕೊಡುವವರೆಗೆ ಆ ಒಂದು ತಿಂಗಳು ಏನು ಮಾಡುತ್ತಿದ್ದಿರಿ ಎಂದು ಅಪ್ಪ ಕೇಳಿದರು.

“ಮಾಮೂಲಿ ಥರಾನೇ ಇದ್ದೆ ಸಾರ್. ಸಂಕ್ರಾಂತಿಗೆ ಅವ್ರ ಮನೆಗೂ ಎಳ್ಳು-ಬೆಲ್ಲ ಕೊಟ್ಟೆ. ಕೊಡ್ದಿದ್ರೆ ಯಾಕೆ ಅಂತ ಅವ್ರ ಹೆಂಡ್ತಿ ಕೇಳ್ತಿದ್ರು.”

ಅಪ್ಪ ಬರೆಯುವುದನ್ನು ನಿಲ್ಲಿಸಿದರು. ಇದು ಕಾಗದದಲ್ಲಿ ಇಲ್ಲವಲ್ಲ ಎಂದರು. ಇಲ್ಲ, ಆದರೆ ಖಂಡಿತ ಕೊಟ್ಟಿರುತ್ತಾಳೆ ಎಂದೆ. ಆಗಲೇ ಎದ್ದು ಓನರ್ ಮನೆಗೆ ಫೋನ್ ಮಾಡಿದರು. ಹೌದು, ಹುಡುಗಿ ಎಳ್ಳು-ಬೆಲ್ಲ ಎಂದು ತಮ್ಮೂರಿನ ಕುಸುರೆಳ್ಳು ತಂದು ಕೊಟ್ಟಿದ್ದಳು, ಓನರ್ ಹೆಂಡತಿಗೆ ಚೆನ್ನಾಗಿ ನೆನಪಿತ್ತು.

ವಿಚಾರಣೆ ನೋಡಲು ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಕಟಕಟೆಯಲ್ಲಿ ನಿಂತವಳು ನನ್ನ ವಯಸ್ಸಿನವಳೇ. ಓನರ್ ಮನೆಗೆ ಎಳ್ಳು ಕೊಟ್ಟಿದ್ದು ನಿಜವೇ ಎಂಬ ಪ್ರಶ್ನೆಗೆ “ಕೊಟ್ಟೀನ್ರಿ” ಎಂದಳು. ಅಪ್ಪ ಮೆತ್ತಗೆ, ಮನೆಯಲ್ಲಿ ನನ್ನನ್ನು ಮಾತಾಡಿಸುವ ದನಿಯಲ್ಲೇ ಕೇಳಿದರು:

“ಮಾನಕ್ಕೆ ಕೈ ಹಾಕಿದೋನ ಮನೆಗೆ ಯಾರಾದ್ರೂ ಎಳ್ಳು-ಬೆಲ್ಲ ಕೊಡ್ತಾರಾ, ತಾಯಿ?”

ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಲೇ ನಿಂತಳು. ಕೆಲವು ತಿಂಗಳಲ್ಲಿ ಓನರ್ ಖುಲಾಸೆಯಾದ. ಆ ದಿನ ಅಮ್ಮ ಹೋಳಿಗೆ ಮಾಡಿದಳು. ಗೆದ್ದದ್ದು ನಾನಲ್ಲ, ಇವಳು ಎಂದು ಅಪ್ಪ ನನ್ನ ತಟ್ಟೆಗೆ ತಾವೇ ತುಪ್ಪ ಹಾಕಿದರು. ನಾನು ತಿಂದೆ. ಇನ್ನೊಂದು ಹಾಕಿಸಿಕೊಂಡೂ ತಿಂದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಯಾಕೆಂದರೆ ನಾನು ಊಹಿಸಿ ಹೇಳಿರಲಿಲ್ಲ. ಅದರ ಹಿಂದಿನ ವರ್ಷ ಅಪ್ಪನ ಪ್ರಾಣಸ್ನೇಹಿತ, ಎರಡು ರಸ್ತೆ ಆಚೆ ಇದ್ದ ಇನ್ನೊಬ್ಬ ವಕೀಲ, ತನ್ನ ಮನೆಯ ಮೆಟ್ಟಿಲ ಮೇಲೆ ನನ್ನನ್ನು ಅಡ್ಡಗಟ್ಟಿ ಕೈ ಹಾಕಿದ್ದ. ಹತ್ತು ದಿನಕ್ಕೆ ಸಂಕ್ರಾಂತಿ. ರೇಷ್ಮೆ ಲಂಗ ಉಟ್ಟು ಅವನ ಮನೆಗೂ ಎಳ್ಳು-ಬೆಲ್ಲ ಕೊಟ್ಟು ಬಂದಿದ್ದೆ. ಆ ಹುಡುಗಿ ಪೊಲೀಸ್ ಠಾಣೆಯವರೆಗಾದರೂ ಹೋದಳು. ನಾನು ಅಮ್ಮನಿಗೆ ಹೇಳಲು ಅಡುಗೆಮನೆಯವರೆಗೂ ಹೋಗಲಿಲ್ಲ. ಸಾಕ್ಷಿಯ ಕಣ್ಣು ಮಿಟುಕಿದರೂ ಹಿಡಿಯುತ್ತಿದ್ದ ಅಪ್ಪ, ಇದು ನಿನಗೆ ಹೇಗೆ ಗೊತ್ತು ಎಂದು ನನ್ನನ್ನು ಒಂದು ಸಲವೂ ಕೇಳಲಿಲ್ಲ. ಅವರಿಗೆ ಬೇಕಾದ ಉತ್ತರ ಸಿಕ್ಕಿತ್ತು.

ಆ ಸ್ನೇಹಿತ ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದ, ಕರ್ಚೀಫಿನಿಂದ ಕಣ್ಣು ಒರೆಸಿಕೊಳ್ಳುತ್ತ. ನನ್ನನ್ನು ಕರೆದರು. ಮೈಕ್ ಹಿಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಅವನೂ ನೋಡುತ್ತಿದ್ದ. ಅಪ್ಪ ನಮ್ಮನ್ನು ಚೆನ್ನಾಗಿ ನೋಡಿಕೊಂಡರು ಎಂದು ಹೇಳಿ ಇಳಿದುಬಿಟ್ಟೆ.

ಹೊರಡುವ ಮುಂಚೆ ಅವನು ಹತ್ತಿರ ಬಂದು ತಲೆ ಸವರಿ, ನೀನು ಥೇಟ್ ನಿಮ್ಮಪ್ಪನ ಹಾಗೇ ಅಂದ. ನಾನು ಎರಡೂ ಕೈ ಜೋಡಿಸಿದೆ.

“ಊಟ ಮಾಡ್ಕೊಂಡೇ ಹೋಗ್ಬೇಕು ಅಂಕಲ್.”

ಅಪ್ಪ ಬದುಕಿದ್ದರೆ, ನನ್ನ ಕೇಸು ಬೀಳಿಸಲು ಅವರಿಗೆ ಆ ಒಂದು ಮಾತು ಸಾಕಾಗುತ್ತಿತ್ತು.